ಎಣಿಸಬಾರದ ಗಂಟು

ಬಹಳ ಹಿಂದೆ, ಅಥವಾ ಅಷ್ಟೇನೂ ಹಿಂದೆ ಅಲ್ಲದ ಒಂದು ಕಾಲದಲ್ಲಿ, ಸಮುದ್ರದ ಉಪ್ಪುನೀರನ್ನೇ ಕಾಯಿಸಿ ಸಿಹಿ ಮಾಡಿ ಕುಡಿಯುವ ಒಂದು ಊರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ಇದ್ದರು. ಅವರಿಗೆ ಹಿತ್ತಲಿರಲಿಲ್ಲ, ಬಾವಿಯಿರಲಿಲ್ಲ. ನಾಲ್ಕನೆಯ ಮಾಳಿಗೆಯಲ್ಲಿ ಎರಡು ಕೋಣೆ ಇತ್ತು, ಅಷ್ಟೆ. ಒಂದು ದಿನ ಅವರ ಮನೆಗೆ ಒಂದು ಗಂಟು ನೆಂಟರ ಹಾಗೆ ಬಂದಿತು. ತಂದವರು ಹೇಳಿದರು: ಇದನ್ನು ಎತ್ತರದಲ್ಲಿ ಇಡಿ, ಸಂಜೆ ಇದರ ಎದುರು ದೀಪ ಹಚ್ಚಿ, ಬಿಚ್ಚಬೇಡಿ, ಬಿಚ್ಚಿದರೂ ಎಣಿಸಬೇಡಿ. ಗಂಡ ಹೂಂ ಅಂದ. ಹೆಂಡತಿಯೂ ಹೂಂ ಅಂದಳು. ಆಮೇಲೆ...

ಆಮೇಲೆ ಎಂಬಲ್ಲಿಗೆ ಬರುವಷ್ಟರಲ್ಲಿ ಅಶ್ಮಿತಾಳ ಕತೆ ನಿಂತುಬಿಡುತ್ತಿತ್ತು. ಬೆಳಗ್ಗೆ ಹಲ್ಲುಜ್ಜುತ್ತ ಶುರುಮಾಡಿದಾಗಲೂ ಅಲ್ಲಿಗೇ ನಿಂತಿತ್ತು, ಈಗ ಚಹಾ ಕುದಿಸುತ್ತ ಶುರುಮಾಡಿದಾಗಲೂ ಅಲ್ಲಿಗೇ. ಅಜ್ಜಿಯಾದರೆ ಇಂಥ ಕಡೆ ಎದ್ದುಹೋಗಿ ಬಾಯಿಯ ಎಲೆಅಡಿಕೆ ಉಗುಳಿ ಬರುತ್ತಿದ್ದಳು. ಹೋಗಿ ಬರುವಷ್ಟರಲ್ಲಿ ಮುಂದಿನದು ಅವಳ ನಾಲಿಗೆಯ ಮೇಲೆ ಸಿದ್ಧವಾಗಿರುತ್ತಿತ್ತು. ಅಜ್ಜಿಯ ಕತೆಗಳಲ್ಲಿ ಮಾಡಬೇಡ ಅಂದದ್ದನ್ನು ಯಾರಾದರೂ ಮಾಡಿಯೇ ಮಾಡುತ್ತಿದ್ದರು; ಮಾಡಿದವರು ಕಲ್ಲಾಗುತ್ತಿದ್ದರು, ಹಾವಾಗುತ್ತಿದ್ದರು, ಕಡೆಗೆ ಯಾರೋ ನೀರು ಚಿಮುಕಿಸಿದರೆ ಮತ್ತೆ ಮನುಷ್ಯರಾಗುತ್ತಿದ್ದರು. ಮಾಡಿದವರು ಮರುದಿನ ಎದ್ದು ಚಹಾಕ್ಕೆ ಸಕ್ಕರೆ ಹಾಕಿ, ಯೂನಿಫಾರ್ಮಿನ ಕಾಲರಿಗೆ ಇಸ್ತ್ರಿ ಮಾಡಿಕೊಂಡು ಕೆಲಸಕ್ಕೆ ಹೋಗುವುದು ಯಾವ ಕತೆಯಲ್ಲೂ ಇರಲಿಲ್ಲ. ಇವತ್ತು ಗುರುವಾರ. ಸಂಜೆ ಕ್ಲಿನಿಕ್ ಮುಗಿಸಿ, ಕುವೈತಿನ ಇನ್ನೊಂದು ತುದಿಯ ಫಿಂಟಾಸ್‌ಗೆ ಹೋಗಿ ವಾರಿಜಕ್ಕನ ಎದುರು ನಿಂತು, ದೈವಕ್ಕೆಂದು ನೀವು ನಮ್ಮಲ್ಲಿ ಇಟ್ಟಿದ್ದ ಮುಡಿಪಿನ ಹಣ ಈಗ ನಮ್ಮಲ್ಲಿಲ್ಲ ಎಂದು ಹೇಳಬೇಕು. ನಾಳೆ ವಾರಿಜಕ್ಕನ ಗಂಡ ಸುಂದರಣ್ಣ ಊರಿಗೆ ಹೊರಡುತ್ತಾರೆ. ಮುಡಿಪು ಅವರ ಕೈಚೀಲದಲ್ಲಿ ಹೋಗಬೇಕು. ನಾನೇ ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಕೊಟ್ಟದ್ದು ಗಂಡ ಲತೀಶನಿಗೆ, ಅವನು ಕೆಲಸ ಮಾಡುವ ಅರ್ದಿಯಾದ ಗೋದಾಮಿನ ಹೊರಗೆ, ಕಂಪನಿಯ ವ್ಯಾನಿನಲ್ಲಿ, ಅವನು ಸ್ಟಿಯರಿಂಗಿಗೆ ಹಣೆಯಿಟ್ಟು ಬಹಳ ಹೊತ್ತು ಏಳದೇ ಇದ್ದಾಗ. ಅಳುತ್ತಿದ್ದಾನೋ ನಿದ್ದೆ ಹೋದನೋ ಗೊತ್ತಾಗದೆ ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟಿದ್ದಳು. ಬೆನ್ನು ಬಿಸಿಯಾಗಿತ್ತು. ಆಗ ಬಾಯಿಗೆ ಬಂದ ಮಾತು ಅದು.

ಈಗ ಅದೇ ಲತೀಶ ಮಿಂದು, ತಲೆಗೆ ಎಣ್ಣೆ ಹಚ್ಚಿ, ಕೈಯಲ್ಲಿ ಹಳದಿ ಬಟ್ಟೆಯ ಗಂಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಮುಖದಲ್ಲಿ ಹೊಸ ಕಳೆಯಿತ್ತು.

"ಇದನ್ನು ಕೊಟ್ಟು ಬಾ. ಎಂತ ಹೇಳಲಿಕ್ಕೂ ಹೋಗಬೇಡ."

"ಇದರಲ್ಲಿ ಎಂತ ಉಂಟು?"

"ನಿನ್ನೆ ನೀನೇ ನೋಡಿದಿಯಲ್ಲ, ಮೇಜಿನ ಮೇಲೆ ಇಟ್ಟದ್ದು. ಮ್ಯಾನೇಜರ್ ಹತ್ರ ಅಡ್ವಾನ್ಸ್ ಕೇಳಿ ತಂದೆ."

"ಅಷ್ಟೇ ಇತ್ತಾ ಮೊದಲು?"

"ಮೊದಲು ಎಷ್ಟಿತ್ತೂಂತ ಯಾರಿಗೆ ಗೊತ್ತುಂಟು? ವಾರಿಜಕ್ಕನಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲದ್ದು ಕಡಿಮೆ ಹೇಗೆ ಆಗ್ತದೆ, ನೀನೇ ಹೇಳು."

ಅವನು ಗಂಟನ್ನು ಅವಳ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟ. ಇಟ್ಟ ಮೇಲೆ ಏನೋ ತಪ್ಪಾದಂತೆ ತೆಗೆದು ಡಬ್ಬಿಯ ಮೇಲೆ ಇಟ್ಟ. ಡಬ್ಬಿಯಲ್ಲಿ ನಿನ್ನೆಯ ಮೀನುಸಾರು ಇದ್ದದ್ದು ನೆನಪಾಗಿ ಮತ್ತೆ ತೆಗೆದು, ಹೊರಗಿನ ಕಿಸೆಯ ಜಿಪ್ ಎಳೆದು ಅಲ್ಲಿ ಹಾಕಿದ.

"ಮತ್ತೆ, ಆ ಕ್ಯಾಸಿನೊ ಚಾಟಿನವರು ಪುನಃ ಮೆಸೇಜ್ ಹಾಕಿದ್ದಾರೆ. ನಾವು ಕಳಿಸಿದ್ದು ಎಷ್ಟೂಂತ ಕರೆಕ್ಟಾಗಿ ಹೇಳಬೇಕಂತೆ. ಲಿಂಕ್ ನಿನ್ನ ಮೊಬೈಲಿಗೆ ಹಾಕಿದ್ದೇನೆ, ಒತ್ತಿದ್ರೆ ಕಾಣ್ತದಂತೆ. ನಿನ್ನ ಇಂಗ್ಲಿಷ್ ಒಳ್ಳೆದುಂಟಲ್ಲ, ಮಧ್ಯಾಹ್ನ ನೋಡಿ ಬರೆದು ಹಾಕು."

"ನೋಡಿದ್ರೆ ಎಣಿಸಿದ ಹಾಗೆ ಅಲ್ವಾ?"

"ಎಣಿಸುವುದು ನೀನಲ್ಲ ಮಾರಾಯ್ತಿ. ಅದು ಕಂಪ್ಯೂಟರ್ ಎಣಿಸಿದ್ದು."

ಕೆಳಗೆ ವ್ಯಾನಿನ ಹಾರ್ನ್ ಕೇಳಿತು. ಅವನು ಚಹಾ ಅರ್ಧ ಕುಡಿದು ಓಡಿದ. ಲೋಟದ ಅಂಚಿನಲ್ಲಿ ಅವನ ತುಟಿಯ ಎಣ್ಣೆ ಅರ್ಧಚಂದ್ರದ ಹಾಗೆ ಅಂಟಿಕೊಂಡಿತ್ತು. ಅಷ್ಟು ಹಗುರಾಗಿ ಅವನು ಮೆಟ್ಟಿಲಿಳಿದದ್ದನ್ನು ಅವಳು ಬಹಳ ದಿನದಿಂದ ಕೇಳಿರಲಿಲ್ಲ. ಆ ಸದ್ದು ಕೇಳಿ ಅವಳಿಗೂ ಒಂದು ಕ್ಷಣ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ನಾಚಿಕೆಯಾಯಿತು.

ಮುಡಿಪು ಎಂದರೆ ಊರಿನವರಿಗೆ ವಿವರಿಸಬೇಕಾದ್ದಲ್ಲ. ಒಂದೇ ದೈವಕ್ಕೆ ನಡೆದುಕೊಳ್ಳುವ ಕೆಲವು ಮನೆಗಳವರು ಕುವೈತಿನಲ್ಲಿ ಅಲ್ಲಲ್ಲಿ ಚದುರಿದ್ದರು. ಹೋಟೆಲಿನವರು, ಆಫೀಸಿನವರು, ಅರಬರ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರು. ಇಕಾಮಾ ಎಂಬ ವಾಸದ ಪರವಾನಗಿ ರಿನ್ಯೂ ಆದರೆ, ಮಗುವಿನ ಜ್ವರ ಬಿಟ್ಟರೆ, ವೀಸಾ ಕೊಟ್ಟ ಧಣಿ ಕಫೀಲ್ ತಡೆದಿಟ್ಟಿದ್ದ ಪಾಸ್‌ಪೋರ್ಟ್ ಮರಳಿ ಕೈಗೆ ಬಂದರೆ, ಒಂದು ನೋಟನ್ನು ಹಣೆಗೆ ಮುಟ್ಟಿಸಿ ವಾರಿಜಕ್ಕನ ಮನೆಯ ಹಳದಿ ಗಂಟಿಗೆ ಹಾಕಿ ಹೋಗುತ್ತಿದ್ದರು. ಹಾಕುವಾಗ ವಾರಿಜಕ್ಕ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು, ಬಟ್ಟೆ ಬದಲಿಸುವವರ ಎದುರು ನಿಂತ ಹಾಗೆ. ಎಣಿಕೆ ದೈವದ ಚಾವಡಿಯಲ್ಲೇ ಆಗಬೇಕು. ದಾರಿಯಲ್ಲಿ ಯಾರಾದರೂ ಎಣಿಸಿದರೆ ಅದು ಹರಕೆಯಾಗಿ ಉಳಿಯುವುದಿಲ್ಲ, ಬರೀ ದುಡ್ಡಾಗುತ್ತದೆ. ಹೋದ ತಿಂಗಳು ವಾರಿಜಕ್ಕನ ಅಣ್ಣ ಊರಲ್ಲಿ ತೀರಿಕೊಂಡರು. ಸೂತಕದ ಮನೆಯಲ್ಲಿ ಮುಡಿಪು ಇರಬಾರದು. ಕಣ್ಣು ಕೆಂಪಾಗಿದ್ದ ವಾರಿಜಕ್ಕ ಬಾಗಿಲ ಹೊರಗೇ ನಿಂತು, ಗಂಟನ್ನು ತಾನು ಮುಟ್ಟದೆ, ಇವಳಿಂದಲೇ ತೆಗೆಸಿ, "ನೀನು ಅಜ್ಜಿಯ ಕೈಯಲ್ಲಿ ಬೆಳೆದವಳು ಅಶ್ಮಿ, ನಿನಗೆ ಹೆಚ್ಚು ಹೇಳಬೇಕೂಂತ ಇಲ್ಲ" ಎಂದಿದ್ದರು. ಆ ಮಾತನ್ನು ಕೇಳಿ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಬಸ್ಸಿನಲ್ಲಿ ಹವಲ್ಲಿಯ ತಮ್ಮ ಮನೆಯವರೆಗೂ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಮಗುವಿದ್ದ ಹಾಗೆ ಎರಡೂ ಕೈ ಅದರ ಮೇಲೆ ಇಟ್ಟುಕೊಂಡು ಬಂದಿದ್ದಳು.

ಕ್ಲಿನಿಕ್ಕಿಗೆ ನಡೆದೇ ಹೋಗಬಹುದು. ಬೆಳಗಿನ ಬಿಸಿಲಿನ ಕಾವು ಆಗಲೇ ಗೋಡೆಗಳಿಂದ ಹೊಮ್ಮತೊಡಗಿತ್ತು. ಏಸಿಗಳಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಬೆಕ್ಕುಗಳು ಮಲಗಿದ್ದವು. ಮೊಬೈಲ್ ಅಂಗಡಿಗಳ ಸಾಲು ಬಂದಾಗ ಅವಳು ದಿನದಂತೆ ರಸ್ತೆ ದಾಟಿ ಆಚೆ ಬದಿ ಹಿಡಿದಳು. ಆ ಸಾಲಿನ ಮೂಲೆಯಂಗಡಿ. ಗಾಜಿನಲ್ಲಿ ಕವರ್‌ಗಳು, ಚಾರ್ಜರ್‌ಗಳು, ಒಳಗೆ ಸ್ಟೂಲಿನ ಮೇಲೆ ಕುಳಿತ ಭಾಯಿ, ಯಾವ ದೇಶದವನೋ ಅವಳು ಕೇಳಿರಲಿಲ್ಲ. ಅಂಗಡಿಯ ಬಾಗಿಲು ಈಗ ಅರ್ಧ ತೆರೆದಿತ್ತು. ಅವನು ತನ್ನನ್ನು ಗುರುತು ಹಿಡಿದು ಕೈಯೆತ್ತಿಬಿಟ್ಟರೆ ಎಂದು ಅವಳು ತಲೆ ತಗ್ಗಿಸಿದಳು. ಯಾರ ಎದುರು ಕೈಯೆತ್ತುತ್ತಾನೆ, ಯಾರಿದ್ದಾರೆ ಇಲ್ಲಿ ನೋಡುವವರು. ಆದರೂ ಕುತ್ತಿಗೆ ಬೆವರಿತು.

ಅವನನ್ನೇ ದೂರಿ ಏನು, ನೋಟು ಪಡೆದು ಮೊಬೈಲಿನ ನಾಣ್ಯ ಕೊಡುವುದು ಅವನ ವ್ಯಾಪಾರ. ಭಾಯಿ ಕತೆ ಹೇಳಲಿಲ್ಲ, ಹೇಳಿದ್ದು ಅವಳು. ಲತೀಶ ಮೊದಮೊದಲು ಸಣ್ಣದಾಗಿ ಆಡುತ್ತಿದ್ದ, ಅವನ ಕಂಪನಿಯ ಕ್ಯಾಂಪಿನ ಹುಡುಗರೆಲ್ಲ ಆಡುವ ಹಾಗೆ. ಒಂದು ದಿನ ಮೊಬೈಲನ್ನು ಅವಳ ಕೈಗೆ ಕೊಟ್ಟು, ಇದರಲ್ಲಿ ದುಡ್ಡು ಹಾಕುವುದು ಹೇಗೇಂತ ಬರೆದಿದ್ದಾರೆ, ಓದಿ ಹೇಳು ಎಂದ. ಇಲ್ಲಿಯ ಬ್ಯಾಂಕ್ ಕಾರ್ಡು ಅಂಥ ಸೈಟುಗಳಿಗೆ ನಡೆಯುವುದಿಲ್ಲ, ಜೂಜೇ ಇಲ್ಲಿ ಅಪರಾಧ, ಹಿಡಿದರೆ ವೀಸಾ ಖಲಾಸ್. ಅದಕ್ಕೇ ಅವರು ಬೇರೆ ದಾರಿ ಮಾಡಿದ್ದರು. ಅವಳು ಓದಿದಳು. ಓದುತ್ತ ಓದುತ್ತ ಅವಳ ದನಿ ಅಜ್ಜಿಯ ದನಿಯಾಯಿತು. ನೋಡಿ, ದುಡ್ಡನ್ನು ಮೊದಲು ಒಂದು ಕಾಣದ ನಾಣ್ಯವಾಗಿ ಮಾಡಬೇಕಂತೆ, ಒಂದು ನಾಣ್ಯಕ್ಕೆ ಒಂದು ಡಾಲರ್. ಆಮೇಲೆ ಕ್ಯಾಸಿನೊದವರು ನಿಮಗೇಂತಲೇ ಒಂದು ವಿಳಾಸ ಕೊಡ್ತಾರೆ, ಊರಿಲ್ಲದ, ಬೀದಿಯಿಲ್ಲದ ವಿಳಾಸ, ಬರೀ ಅಕ್ಷರ, ಬರೀ ಅಂಕಿ. ನಾಣ್ಯವನ್ನು ಆ ವಿಳಾಸಕ್ಕೆ ಬಿಡಬೇಕು. ಬಿಟ್ಟ ಮೇಲೆ ಯಾರಿಂದಲೂ ವಾಪಸ್ ಕರೆಯಲಿಕ್ಕೆ ಆಗುವುದಿಲ್ಲ, ರಾಜನಿಂದಲೂ ಆಗುವುದಿಲ್ಲ. ಎಲ್ಲೆಲ್ಲೋ ಇರುವ ಸಾವಿರಾರು ಯಂತ್ರಗಳು, ಹೌದು ನಾವು ನೋಡಿದೆವು, ಹೌದು ನಾವು ನೋಡಿದೆವು ಅಂತ ಸಾಕ್ಷಿ ಹೇಳಿದ ಮೇಲೆ ಬಾಗಿಲು ತೆರೀತದೆ. ಲತೀಶ ಮಗುವಿನ ಹಾಗೆ ಬಾಯಿ ತೆರೆದು ಕೇಳಿದ್ದ. ಮದುವೆಯಾದ ಮೇಲೆ ಅವಳು ಹೇಳಿದ್ದನ್ನು ಅವನು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಅವಳಿಗೆ ಇನ್ನೂ ಹೇಳಬೇಕೆನಿಸಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮಗಳಿದ್ದವು. ಅವುಗಳಲ್ಲಿ ಕತೆಯಿರಲಿಲ್ಲ, ಅವಳು ಬೆರಳಿನಿಂದ ಅವನ್ನು ಮೇಲಕ್ಕೆ ತಳ್ಳಿಬಿಟ್ಟಳು.

"ಎಂತ ಮಾರಾಯ್ತಿ, ಮುಖ ಹಲ್ಲು ಕೀಳಿಸಿಕೊಂಡವರ ಹಾಗೆ ಉಂಟು," ಎಂದಳು ಆಯಿಶತ್ ನಿಶಾ. ಹಲ್ಲಿನ ಕ್ಲಿನಿಕ್ಕಿನ ನರ್ಸ್, ಮಂಗಳೂರಿನ ಕಡೆಯವಳೇ. "ಇಲ್ಲಿ ಕೀಳಿಸಿಕೊಂಡವರೇ ನಗ್ತಾ ಹೋಗ್ತಾರೆ. ನೀನು ರಿಸೆಪ್ಷನ್‌ನಲ್ಲಿ ಹೀಗೆ ಕೂತರೆ ಡಾಕ್ಟರ್ ನನ್ನನ್ನು ಬೈತಾರೆ."

"ತಲೆನೋವು."

"ಗಂಡನ ತಲೆನೋವಾ, ನಿನ್ನದಾ?"

ಅಶ್ಮಿತಾ ನಕ್ಕಳು. ನಗಬೇಕಾಗಿತ್ತು. ಅರಬ್ಬಿ ಹೆಂಗಸೊಬ್ಬರು ಮಗನನ್ನು ಎಳೆದುಕೊಂಡು ಬಂದರು; ಅವನ ಕೆನ್ನೆ ಊದಿತ್ತು. ಹೆಸರು, ಸಿವಿಲ್ ಐಡಿ, ಫೋನ್ ನಂಬರು. ಅವಳ ಬೆರಳುಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಮೇಜಿನ ಕೆಳಗೆ ಅವಳ ಪಾದಕ್ಕೆ ಚೀಲ ತಾಗುತ್ತಿತ್ತು. ಪಾದಕ್ಕೆ ತಾಗಬಾರದು ಎಂದು ಎತ್ತಿ ಮೇಲಿಟ್ಟಳು. ಮತ್ತೆ ಅನಿಸಿತು, ಇದರಲ್ಲಿರುವುದು ಅದಲ್ಲವಲ್ಲ, ಇದು ಮ್ಯಾನೇಜರನ ಅಡ್ವಾನ್ಸು, ಪಾದಕ್ಕೆ ತಾಗಿದರೆ ಏನಾಯಿತು. ಆದರೂ ಕೆಳಗೆ ಇಡಲಿಕ್ಕೆ ಮನಸ್ಸು ಬರಲಿಲ್ಲ. ಸುಳ್ಳು ಗಂಟಿಗೂ ಮೈಲಿಗೆಯ ಹೆದರಿಕೆ. ಈ ಹೆದರಿಕೆ ಆ ಸಂಜೆ ಎಲ್ಲಿ ಹೋಗಿತ್ತು?

ಆ ಸಂಜೆಯೂ ಇತ್ತು ಅದು, ಅದೇ ವಿಚಿತ್ರ. ಲತೀಶ ಆಗಲೇ ಬಹಳ ಕಳೆದುಕೊಂಡಿದ್ದ, ಅವಳ ಎರಡು ಬಳೆಗಳ ಸಮೇತ. ಒಂದೇ ಸಲ, ಒಂದೇ ದೊಡ್ಡ ಆಟ, ಬಂದದ್ದರಲ್ಲಿ ಇಮ್ಮಡಿ ಮಾಡಿ ಗಂಟಿಗೆ ಹಾಕ್ತೇನೆ, ದೈವಕ್ಕೂ ಲಾಭವೇ ಅಲ್ವಾ ಅಂದ. ಅವಳು ಬೇಡ ಅಂದಳು. ಬೇಡ ಅಂದ ಮೇಲೂ ಚಪ್ಪಲಿ ಹಾಕಿಕೊಂಡು ಅವನ ಜೊತೆ ಹೊರಟಳು. ಗಂಟು ಬಿಚ್ಚುವ ಮುಂಚೆ ಅವನು ಕೈಕಾಲು ತೊಳೆದ. ನೋಟುಗಳನ್ನು ಹಾಗೇ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದ, ಕಣ್ಣು ಅತ್ತ ಕಡೆ ಇಟ್ಟುಕೊಂಡು. ಅಂಗಡಿಯಲ್ಲಿ ಭಾಯಿ, "ಗಿನ್ ಕೇ ದೋ ಭಾಯಿ" ಎಂದು ಎಣಿಸಿ ಕೊಡಲು ಹೇಳಿದಾಗ, "ನಹೀ, ಆಪ್ ಗಿನೋ, ಲೇಕಿನ್ ಮುಝೆ ಮತ್ ಬೋಲೋ" ಅಂದುಬಿಟ್ಟ. ಭಾಯಿ ಅವನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಎಷ್ಟು ಕೊಟ್ಟೆನೆಂದು ತಿಳಿಯಬಾರದೆನ್ನುವ ಗಿರಾಕಿಯನ್ನು ಇವತ್ತೇ ನೋಡಿದ್ದು ಎಂದು ನಕ್ಕ. ಎಣಿಸುವ ಯಂತ್ರ ಪಟಪಟ ಸದ್ದು ಮಾಡಿತು. ಗಂಡಹೆಂಡಿರಿಬ್ಬರೂ ಗೋಡೆಯ ಕಡೆ ತಿರುಗಿ ನಿಂತಿದ್ದರು, ವಾರಿಜಕ್ಕ ನಿಲ್ಲುವ ಹಾಗೆಯೇ. ಕದಿಯುವಾಗಲೂ ಕಟ್ಟುಪಾಡು ಬಿಡಲಿಲ್ಲ. ಆ ಕಡೆ ಕ್ಯಾಸಿನೊದ ಪುಟದಲ್ಲಿ, ಎಷ್ಟು ಕಳಿಸುತ್ತೀರಿ ಎಂಬ ಜಾಗ ಖಾಲಿಯಿತ್ತು. ಅದನ್ನು ತುಂಬದೆ ವಿಳಾಸ ಬರುವುದಿಲ್ಲ. ಲತೀಶ, ನೀನೇ ಏನಾದರೂ ಹಾಕು ಎಂದ. ಅವಳು ಚೀಲದ ದಪ್ಪ ನೆನೆದು ಬಾಯಿಗೆ ಬಂದ ಒಂದು ಅಂಕಿ ಒತ್ತಿದಳು. ವಿಳಾಸ ಬಂತು. ಭಾಯಿ ತನ್ನ ಬಳಿಯಿದ್ದ ನಾಣ್ಯದಿಂದ, ಯಂತ್ರ ಎಣಿಸಿದ ನೋಟಿಗೆ ಸರಿಯಾಗಿ, ಆ ವಿಳಾಸಕ್ಕೆ ಕಳಿಸಿಬಿಟ್ಟ. ಸಾಕ್ಷಿಗಳೆಲ್ಲ ಹೌದು ಎಂದವು. ಬಾಗಿಲು ಮಾತ್ರ ತೆರೆಯಲಿಲ್ಲ. ಹೇಳಿದ ಮೊತ್ತ ಬೇರೆ, ಬಂದ ಮೊತ್ತ ಬೇರೆ. ಪರಿಶೀಲನೆಯಲ್ಲಿದೆ ಎಂದು ಹಳದಿ ಅಕ್ಷರ ಬಂತು. ಆಟವನ್ನೂ ಆಡಲಿಲ್ಲ, ಸೋಲಲೂ ಇಲ್ಲ. ಅಂದಿನಿಂದ ಆ ಅಕ್ಷರ ಹಳದಿಯಾಗಿಯೇ ಇತ್ತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಉಪಕರಣ ಬೇಯಿಸುವ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಗಿಯ ವಾಸನೆ, ಸ್ಟೀಲಿನ ತಟ್ಟೆಗಳಲ್ಲಿ ಸಾಲಾಗಿ ಮಲಗಿದ ಕೊಕ್ಕೆಗಳು, ಇಕ್ಕಳಗಳು. ಲಿಂಕ್ ಒತ್ತಿದರೆ ಲೋಕದ ಯಾರು ಬೇಕಾದರೂ ನೋಡಬಹುದಾದ ಒಂದು ಪುಟ ತೆರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳೇ ಓದಿ ಹೇಳಿದ್ದಳಲ್ಲ. ಒಮ್ಮೆ ಬರೆದದ್ದು ಅಲ್ಲಿ ಎಂದೆಂದಿಗೂ ಅಳಿಯುವುದಿಲ್ಲ. ಚಾವಡಿಯಲ್ಲಿ ದೈವದ ಎದುರು ಒಮ್ಮೆ ಎಣಿಸಿ ಮರೆತುಬಿಡಬೇಕಾದದ್ದನ್ನು, ಯಾವ್ಯಾವುದೋ ದೇಶದ ಯಂತ್ರಗಳು ಎಣಿಸಿ, ಎಣಿಸಿ, ಕಲ್ಲಿನ ಮೇಲೆ ಕೆತ್ತಿಟ್ಟಿವೆ. ಅವಳು ಒತ್ತಿದಳು. ಪುಟ ತೆರೆಯುವಾಗ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ ಕತ್ತಲೆಯಲ್ಲಿ ಒಂದು ಆಸೆ ಸ್ಪಷ್ಟವಾಗಿ ಕಾಣಿಸಿತು: ಇದು ಕಡಿಮೆಯಿರಲಿ. ಲತೀಶ ಇಟ್ಟದ್ದಕ್ಕಿಂತ ಕಡಿಮೆಯಿರಲಿ. ನಮ್ಮವರೆಲ್ಲ ಜಿಪುಣರಾಗಿರಲಿ.

ಇರಲಿಲ್ಲ. ಅವಳು ನಾಣ್ಯವನ್ನು ಮನಸ್ಸಿನಲ್ಲೇ ದಿನಾರಿಗೆ ತಿರುಗಿಸಿ, ತಪ್ಪಾಯಿತೆಂದು ಮತ್ತೆ ತಿರುಗಿಸಿದಳು. ಲತೀಶ ಮೇಜಿನ ಮೇಲೆ ಇಟ್ಟಿದ್ದು ಅದರ ಮುಕ್ಕಾಲಲ್ಲ, ಅರ್ಧವಲ್ಲ, ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಆ ಹಳದಿ ಬಟ್ಟೆಯೊಳಗೆ ಅಷ್ಟು ಇತ್ತೆ? ಯಾರು ಹಾಕಿರಬಹುದು? ಅಬ್ಬಾಸಿಯಾದ ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಆಶಾಲತಾ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಾಗ ಎಷ್ಟು ಹಾಕಿದಳು? ಅಲ್ಲಿಯವರೆಗೆ ಗಂಟು ಒಂದೇ ವಸ್ತುವಾಗಿತ್ತು. ಈಗ ಅದು ಒಡೆದು ಮುಖಗಳಾಯಿತು. ಒಬ್ಬೊಬ್ಬರೂ ನೋಟನ್ನು ಹಣೆಗೆ ಒತ್ತಿಕೊಂಡು ನಿಂತಿದ್ದರು. ನೋಡದೇ ಇದ್ದಿದ್ದರೆ, ಸಂಜೆ ಗಂಟು ಕೊಟ್ಟು, ಕಡಿಮೆಯೋ ಹೆಚ್ಚೋ ದೈವಕ್ಕೇ ಗೊತ್ತು ಎಂದು ಮಲಗಬಹುದಿತ್ತು. ಅವಳು ಚಾಟಿನಲ್ಲಿ ಅಂಕಿಯನ್ನು ಬರೆದು ಕಳಿಸಿದಳು. ಬೆರಳು ಬಿಸಿಗೆ ಸೋಕಿದಂತೆ ಚುರುಗುಟ್ಟಿತು.

"ಒಳಗೆ ಎಂತ ಮಾಡ್ತೀ, ಇಕ್ಕಳದ ಜೊತೆ ಬೇಯ್ತೀಯಾ?" ನಿಶಾ ಬಾಗಿಲು ಬಡಿದಳು. "ಬಾ, ಊಟ ಮಾಡುವ. ನಿನ್ನ ಮೀನುಸಾರಿನ ವಾಸನೆಗೆ ಡಾಕ್ಟರ್ ಎರಡು ಸಲ ಬಂದು ಹೋದ್ರು."

ಬಂದಳು, ಕುಳಿತಳು. ಮೀನನ್ನು ಪೂರಾ ನಿಶಾಳ ತಟ್ಟೆಗೆ ಹಾಕಿದಳು. ನಿಶಾ ತಿನ್ನುತ್ತ, ತನ್ನ ತಮ್ಮನಿಗೆ ಹುಡುಗಿ ನೋಡುವ ವಿಷಯ ಹೇಳುತ್ತಿದ್ದಳು. ಇವಳಿಗೆ ಕೇಳಿಸುತ್ತಿದ್ದುದು ಒಂದೇ ಒಂದು ಅಂಕಿ. ದಶಮಾಂಶದ ಆಚೆಯ ಚೂರುಪಾರಿನ ಸಮೇತ ಅದು ಒಂದು ಹಾಡಿನ ಸಾಲಿನ ಹಾಗೆ ನೆನಪಿಗೆ ಅಂಟಿಬಿಟ್ಟಿತ್ತು. ಅಜ್ಜಿಯ ಕತೆಗಳೆಲ್ಲ ಒಮ್ಮೆ ಕೇಳಿದರೆ ಸಾಕು, ಮರೆಯುವುದಿಲ್ಲ ಎಂದು ಹೊಗಳಿಸಿಕೊಂಡ ನೆನಪಿನ ಶಕ್ತಿ ಅದು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ವಾರದ ಕೊನೆಯ ರಸ್ತೆ, ಕಾರುಗಳು ಒಂದಕ್ಕೊಂದು ಮೂತಿ ಒತ್ತಿಕೊಂಡು ನಿಂತಿದ್ದವು. ಅವಳು ಮತ್ತೆ ಕತೆ ಶುರುಮಾಡಿದಳು. ಉಪ್ಪುನೀರನ್ನು ಕಾಯಿಸಿ ಸಿಹಿ ಮಾಡುವ ಊರಿನಲ್ಲಿ. ಹೀಗೆ ಹೇಳಿದರೆ ವಾರಿಜಕ್ಕ ಕೇಳುತ್ತ ಕೇಳುತ್ತ ಅರ್ಧ ದಾರಿ ಬಂದುಬಿಡುತ್ತಾರೆ. ಆಮೇಲೆ ಉಳಿದರ್ಧ ತಾವೇ ತಿಳಿದುಕೊಳ್ಳುತ್ತಾರೆ. ಅವಳ ಬಾಯಿಯಿಂದ ಆ ಶಬ್ದ ಬರಬೇಕಾಗುವುದಿಲ್ಲ. ಅಥವಾ ಏನೂ ಹೇಳದೆ ಗಂಟು ಕೊಡಬಹುದು. ಕೊಡುವುದೂ ಒಂದು ಬಗೆಯ ಮಾತು ಉಳಿಸಿಕೊಳ್ಳುವುದೇ ಅಲ್ಲವೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋದರೆ ತುಂಬುತ್ತದೆ. ಹೀಗೆ ಅಂದುಕೊಳ್ಳುತ್ತಿರುವಾಗ ಮೊಬೈಲ್ ನಡುಗಿತು. ಚಾಟಿನ ಉತ್ತರ. ಪ್ರೀತಿಯ ಗ್ರಾಹಕರೆ ಎಂದು ಶುರುವಾಗಿತ್ತು, ಕಡೆಯಲ್ಲಿ ಒಂದು ನಗುವ ಮುಖವಿತ್ತು. ನಡುವೆ ಹೇಳಿದ್ದಿಷ್ಟು: ಹಣ ಸಿಕ್ಕಿದೆ. ಮೊತ್ತ ತಾಳೆಯಾಗದ್ದರಿಂದ ನಿಯಮದ ಪ್ರಕಾರ ಅದನ್ನು ಹಿಂದಿರುಗಿಸಲು ಬರುವುದಿಲ್ಲ. ಬದಲಿಗೆ ಪೂರಾ ಮೊತ್ತವನ್ನು ಆಟದ ಖಾತೆಗೆ ಹಾಕಿದ್ದೇವೆ. ಆ ಮೊತ್ತದ ನಲವತ್ತು ಪಟ್ಟು ಆಡಿ ಮುಗಿಸಿದ ಮೇಲೆ ಉಳಿದದ್ದನ್ನು ತೆಗೆದುಕೊಳ್ಳಬಹುದು. ಶುಭವಾಗಲಿ.

ಅವಳು ಅದನ್ನು ಎರಡನೆಯ ಸಲ ಓದಲಿಲ್ಲ. ಓದಬೇಕಾಗಿರಲಿಲ್ಲ, ಅಂದು ಬೆರಳಿನಿಂದ ತಳ್ಳಿಬಿಟ್ಟ ಸಣ್ಣ ಅಕ್ಷರಗಳೇ ಈಗ ದೊಡ್ಡವಾಗಿ ಬಂದಿದ್ದವು. ಹಣ ಹೊರಗೆ ಬರಬೇಕಾದರೆ ಒಂದೇ ದಾರಿ, ಅದನ್ನು ಜೂಜಾಡಬೇಕು, ಮತ್ತೆ ಮತ್ತೆ, ಎಲ್ಲ ಮುಖಗಳನ್ನೂ ಮತ್ತೆ ಮತ್ತೆ ಆ ಚಕ್ರಕ್ಕೆ ಕಟ್ಟಿ ತಿರುಗಿಸಬೇಕು. ಲತೀಶನ ಮೊಬೈಲಿನಲ್ಲೂ ಇದೇ ಹೊತ್ತಿಗೆ ಹಳದಿ ಅಕ್ಷರ ಹಸಿರಾಗಿರುತ್ತದೆ. ಅವನು ಗೋದಾಮಿನ ಕಪಾಟುಗಳ ನಡುವೆ ನಿಂತು ಅದನ್ನು ನೋಡಿರುತ್ತಾನೆ. ಮುಖದಲ್ಲಿ ಬೆಳಗಿನ ಅದೇ ಕಳೆ. ದೈವವೇ ಬಾಗಿಲು ತೆರೆಯಿತು ಅಂದುಕೊಂಡಿರುತ್ತಾನೆ. ಅವಳು ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಆಡುವಾಗ ಅವನು ಎತ್ತುವುದಿಲ್ಲ. ಬಸ್ಸಿನ ಏಸಿಯ ತಣ್ಣನೆ ಗಾಳಿ ಅವಳ ಬೆವೆತ ಕುತ್ತಿಗೆಗೆ ಸೀದಾ ಬೀಳುತ್ತಿತ್ತು. ಎದ್ದು ಬೇರೆ ಕಡೆ ಹೋಗಬಹುದೆಂದು ಕೂಡ ಅವಳಿಗೆ ಹೊಳೆಯಲಿಲ್ಲ.

ವಾರಿಜಕ್ಕನ ಮನೆಯಲ್ಲಿ ಪ್ರಯಾಣದ ಗಡಿಬಿಡಿ. ನಡುಕೋಣೆಯಲ್ಲಿ ಸುಂದರಣ್ಣ ಸೂಟ್‌ಕೇಸನ್ನು ಎದೆಗೆ ಅವುಚಿಕೊಂಡು ತೂಕದ ಯಂತ್ರದ ಮೇಲೆ ನಿಂತಿದ್ದರು. ಹೊಟ್ಟೆ ಅಡ್ಡ ಬಂದು ಅವರಿಗೆ ಅಂಕಿ ಕಾಣುತ್ತಿರಲಿಲ್ಲ.

"ಬಂದಿಯಾ ಅಶ್ಮಿ, ಸ್ವಲ್ಪ ನೋಡು ಎಷ್ಟು ತೋರಿಸ್ತದೆ. ನಿನ್ನ ಅಕ್ಕ ಸುಳ್ಳು ಹೇಳ್ತಾಳೆ. ಪೌಡರ್ ಡಬ್ಬಿ ಇನ್ನೊಂದು ತುರುಕಲಿಕ್ಕೆ."

"ತೂಕ ಹೆಚ್ಚಿರುವುದು ಪೆಟ್ಟಿಗೆಯದ್ದಲ್ಲ, ಹೊತ್ತವರದ್ದು," ಎಂದರು ವಾರಿಜಕ್ಕ ಒಳಗಿಂದ. "ಬಾ ಮಗಾ, ಅಡುಗೆಮನೆಗೇ ಬಾ. ಅವರನ್ನು ಬಿಡು."

ಅಡುಗೆಮನೆಯ ಕಟ್ಟೆಯ ಮೇಲೆ ಸುಂದರಣ್ಣನ ಕೈಚೀಲ ಬಾಯಿ ತೆರೆದು ಕುಳಿತಿತ್ತು. ಒಳಗೆ ಒಗೆದ ಬಿಳಿ ಬೈರಾಸಿನ ಬಟ್ಟೆ ಹಾಸಿ ಮಧ್ಯದಲ್ಲಿ ಜಾಗ ಬಿಟ್ಟಿದ್ದರು. ವಾರಿಜಕ್ಕ ತಂದಿದ್ದೀಯಾ ಎಂದು ಕೇಳಲೂ ಇಲ್ಲ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದರು. ಅಶ್ಮಿತಾಳ ಕೈ ಜಿಪ್ ಎಳೆಯಿತು, ಗಂಟನ್ನು ತೆಗೆಯಿತು, ಆ ಅಂಗೈಗಳ ಮೇಲೆ ಇಟ್ಟಿತು. ಎಷ್ಟು ಸುಲಭವಾಗಿತ್ತು. ವಾರಿಜಕ್ಕ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಒತ್ತಿಕೊಂಡಲ್ಲಿಂದ ಕೈ ಬೇಗ ತೆಗೆಯಲಿಲ್ಲ, ತುಟಿ ಮಿಸುಕುತ್ತಿತ್ತು. ತೀರಿಕೊಂಡ ಅಣ್ಣನ ಹೆಸರು ಅದು, ಅಶ್ಮಿತಾಳಿಗೆ ಕೇಳಿಸಿತು.

"ವಾರಿಜಕ್ಕ, ಒಂದು ಊರಿನಲ್ಲಿ..." ಎಂದಳು ಅವಳು.

"ಎಂತ?"

"ಒಂದು ಊರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ಇದ್ರಂತೆ. ಅವರ ಮನೆಗೆ ಒಂದು ಗಂಟು ಬಂತಂತೆ. ಬಿಚ್ಚಬೇಡಿ ಅಂತ ಹೇಳಿದ್ರೂ ಅವರು..."

ವಾರಿಜಕ್ಕ ಗಂಟನ್ನು ಕಣ್ಣಿನಿಂದ ಇಳಿಸಿದರು. ಅವಳನ್ನು ನೋಡಿದರು. ನೋಡುತ್ತಲೇ, ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿದ್ದುದನ್ನು ಹಿಂದಿನಿಂದ ಕೈಚಾಚಿ ಆರಿಸಿದರು.

"ಕತೆ ಬೇಡ," ಎಂದರು. "ಯಾರು ಅದು, ಹೇಳು."

ಅಶ್ಮಿತಾ ಬಾಯಿ ತೆರೆದಳು. ಬಾಯಿಯೊಳಗೆ ಹಲ್ಲು, ನಾಲಿಗೆ ಎಲ್ಲ ಬೇರೆ ಯಾರದೋ ಎನಿಸಿತು. "ನಾವು," ಎಂದಳು. "ಲತೀಶ್. ಮತ್ತೆ ನಾನು. ಜೂಜಿಗೆ ಹಾಕಿದ್ದು. ಇದು ಅದಲ್ಲ ವಾರಿಜಕ್ಕ, ಇದು ಬೇರೆ ದುಡ್ಡು."

ಹಾಲಿನ ಮೇಲೆ ಕೆನೆ ಕಟ್ಟತೊಡಗಿತು. ನಡುಕೋಣೆಯಲ್ಲಿ ಸುಂದರಣ್ಣ ಟೇಪ್ ಎಳೆಯುವ ಸದ್ದು, ಕತ್ತರಿಸುವ ಸದ್ದು.

"ಅದು ಈಗ ಎಲ್ಲುಂಟು?"

"ಉಂಟು. ಹೋಗಲಿಲ್ಲ." ಅವಳು ಬೇಗ ಬೇಗ ಹೇಳಿದಳು. "ಅವರ ಹತ್ರ ಉಂಟು. ಮೊಬೈಲಿನಲ್ಲಿ ಕಾಣ್ತದೆ. ತೆಗೀಲಿಕ್ಕೆ ಬರುವುದಿಲ್ಲ, ಆಡಿದರೆ ಮಾತ್ರ."

"ಕಾಣ್ತದೆ."

"ಹೌದು. ಯಾರಿಗೂ ಕಾಣ್ತದೆ. ನಾನು ಇವತ್ತು ನೋಡಿದೆ ವಾರಿಜಕ್ಕ, ಅದು ಪೂರಾ..."

"ಎಷ್ಟೂಂತ ಹೇಳಬೇಡ." ದನಿ ಎತ್ತರವಾಗಿರಲಿಲ್ಲ. ವಾರಿಜಕ್ಕ ಗಂಟನ್ನು ಕಟ್ಟೆಯ ಮೇಲೆ, ಕೈಚೀಲದ ಪಕ್ಕದಲ್ಲಿ ಇಟ್ಟರು, ಬೈರಾಸಿನ ಹೊರಗೆ. "ನನಗೆ ಹೇಳಬೇಡ. ಯಾರಿಗೂ ಹೇಳಬೇಡ ಅದನ್ನು. ಅದು ನಿನ್ನ ಹತ್ರವೇ ಇರಲಿ."

ಬೈಯುತ್ತಾರೆ ಎಂದು ಅವಳು ಕಾದಳು. ಕೆನ್ನೆಗೆ ಹೊಡೆಯಬಹುದು ಎಂದೂ ಕಾದಳು, ಹೊಡೆದರೆ ಒಳ್ಳೆಯದಿತ್ತು. ವಾರಿಜಕ್ಕ ಬೈರಾಸನ್ನು ಕೈಚೀಲದಿಂದ ತೆಗೆದು, ಮಡಚಿ, ಮತ್ತೆ ಬಿಚ್ಚಿ ಮಡಚಿದರು. ಅವರ ಕೈಗೆ ಕೆಲಸ ಬೇಕಾಗಿತ್ತು.

"ಲತೀಶ ಎಲ್ಲಿ?"

"ಡ್ಯೂಟಿಯಲ್ಲಿ. ಫೋನ್ ತೆಗೀತಾ ಇಲ್ಲ."

"ತೆಗೆಯುವುದಿಲ್ಲ ಅವನು," ಎಂದರು ವಾರಿಜಕ್ಕ, ಎಲ್ಲವನ್ನೂ ನೋಡಿದವರ ಹಾಗೆ. ಆಮೇಲೆ ಬಾಗಿಲಿನ ಕಡೆ ಮುಖ ಮಾಡಿ ಕರೆದರು. "ಇಕೊಳ್ಳಿ. ಅದನ್ನು ಅಲ್ಲೇ ಇಟ್ಟು ಸ್ವಲ್ಪ ಬನ್ನಿ ಇಲ್ಲಿ."

"ನೀವು ಹೇಳ್ತೀರಾ ಅವರಿಗೆ?" ಅಶ್ಮಿತಾಳ ದನಿ ಮಗುವಿನದ್ದಾಗಿತ್ತು.

"ನಾನು ಹೇಳಿದ್ರೆ ಅದು ನನ್ನ ಮಾತಾಗ್ತದೆ. ನಾಳೆ ಊರಿಗೆ ಹೋಗಿ ಚಾವಡಿಯಲ್ಲಿ ನಿಂತು ಖಾಲಿ ಕೈ ತೋರಿಸಬೇಕಾದವರು ಅವರು. ನೀನೇ ಹೇಳು."

ಸುಂದರಣ್ಣ ಬಂದರು. ಕೈಯಲ್ಲಿ ಟೇಪಿನ ಸುರುಳಿ, ಬೆರಳಿಗೆ ಒಂದು ತುಂಡು ಅಂಟಿಕೊಂಡಿತ್ತು, ಅದನ್ನು ಬಿಡಿಸಿಕೊಳ್ಳಲು ನೋಡುತ್ತ, ಅರ್ಧ ನಗುತ್ತ, "ಎಂತ, ಇಬ್ಬರೂ ಸೇರಿ ಇನ್ನೂ ಎರಡು ಕಿಲೋ ತುರುಕುವ ಪ್ಲಾನಾ?" ಎಂದರು. ಕೈಚೀಲದ ಹೊರಗಿದ್ದ ಗಂಟಿನ ಮೇಲೆ ಅವರ ಕಣ್ಣು ಬಿತ್ತು. ನಗು ನಿಂತಿತು. ವಾರಿಜಕ್ಕ ಗೋಡೆಯ ಕಡೆ ತಿರುಗಲಿಲ್ಲ. ಅಶ್ಮಿತಾಳನ್ನೇ ನೋಡುತ್ತ ನಿಂತರು.

"ಸುಂದರಣ್ಣ, ಮುಡಿಪಿನ ದುಡ್ಡನ್ನು ಲತೀಶ್ ತೆಗೆದು ಮೊಬೈಲಿನ ಜೂಜಿಗೆ ಹಾಕಿದ್ರು," ಎಂದಳು ಅಶ್ಮಿತಾ. "ಹಾಕುವುದು ಹೇಗೇಂತ ಓದಿ ಹೇಳಿಕೊಟ್ಟದ್ದು ನಾನು. ಹಾಕುವ ದಿನ ಪಕ್ಕದಲ್ಲಿ ನಿಂತು ಒತ್ತಿದ್ದೂ ನಾನೇ."